ಅಲೆಯ ಮೇಲೆ ಆರು ಮಂದಿ

ಸಮುದ್ರದ ಪ್ಲಾನ್ ಹಾಕಿದವನು ಚನ್ನಬಸವ. ವಾಟ್ಸಾಪ್ ಗ್ರೂಪಿಗೆ ಹೆಸರಿಟ್ಟವಳು ವಿರೂಪಾ. ‘ಅಲಿ ಮ್ಯಾಲೆ ಆರು ಮಂದಿ’ ಎಂದು ಬರೆದು, ಪಕ್ಕದಲ್ಲಿ ಒಂದು ನೀಲಿ ಅಲೆ ಅಂಟಿಸಿದ್ದಳು.

ಆರೂ ಜನ ಬಳ್ಳಾರಿಯ ಒಂದೇ ಜೀನ್ಸ್ ಘಟಕದವರು. ಚನ್ನಬಸವ ಕಟಿಂಗ್ ಮಾಸ್ಟರ್. ಹೊಲಿದು ಬಂದ ಪ್ಯಾಂಟುಗಳನ್ನು ತಿರುವಿ ನೋಡಿ, ತಪ್ಪಿದ್ದಲ್ಲಿ ಕೆಂಪು ಬಾಣದ ಸ್ಟಿಕರ್ ಹಚ್ಚುವ ಕೆಲಸ ವಿರೂಪಾಳದು. ಫೆಬ್ರವರಿಯಲ್ಲಿ ಹೊರಡುವುದು. ಹುಬ್ಬಳ್ಳಿಗೆ ರೈಲು, ಅಲ್ಲಿಂದ ಕುಮಟಾಕ್ಕೆ ಬಸ್ಸು, ಆಮೇಲೆ ಆಟೊ ಹೋಗುವಷ್ಟು ದೂರ ಆಟೊ, ಉಳಿದದ್ದು ಮರಳಿನಲ್ಲಿ ನಡಿಗೆ. ಅಲ್ಲಿ ಅಂಗಡಿ ಇಲ್ಲ, ಹೋಟೆಲ್ ಇಲ್ಲ. ಕಣ್ಣು ಹೋದಷ್ಟು ಮರಳು, ಗಾಳಿ, ಮತ್ತು ಹಲಗೆಯ ಮೇಲೆ ನಿಂತು ಅಲೆ ಏರುವುದನ್ನು ಕಲಿಸುವ ಒಂದು ಪುಟ್ಟ ಸರ್ಫಿಂಗ್ ಶಾಲೆ.

ಚನ್ನಬಸವ ಸಮುದ್ರ ನೋಡಿದವನಲ್ಲ. ಕುರುಗೋಡಿನ ಕಲ್ಲುಗುಡ್ಡದ ಬುಡದಲ್ಲಿ ಬೆಳೆದವನಿಗೆ ನೀರೆಂದರೆ ಬಾವಿ. ಈಜು ಅಲ್ಲೇ ಕಲಿತಿದ್ದ. ಆದರೆ ಈಜುವುದು ಬೇರೆ, ವಿರೂಪಾ ನೋಡುತ್ತಿರುವಾಗ ಹಲಗೆಯ ಮೇಲೆ ನಿಲ್ಲುವುದು ಬೇರೆ.

ಹಾಗಾಗಿ ಊಟದ ಬಿಡುವಿನಲ್ಲಿ ಡೆನಿಮ್ ಬಟ್ಟೆ ಸುತ್ತಿದ ಥಾನೊಂದನ್ನು ನೆಲಕ್ಕೆ ಉರುಳಿಸಿ, ಅದರ ಮೇಲೊಂದು ಹಲಗೆ ಇಟ್ಟು, ತೋಳು ಚಾಚಿ ನಿಲ್ಲುವ ಅಭ್ಯಾಸ ಮಾಡುತ್ತಿದ್ದ. ಒಂದು ಮಧ್ಯಾಹ್ನ ಹಿಂದಿನಿಂದ ದನಿ ಬಂತು.

“ಮಾಸ್ಟರ್, ಏನ್ ನಡದೈತಿ?”

“ಬ್ಯಾಲೆನ್ಸ್.”

“ಬ್ಯಾಲೆನ್ಸ್ ನಿಮ್ದು, ಥಾನು ಕಂಪನೀದು.”

ಅವನು ಜಾರಿ ಗೋಡೆ ಹಿಡಿದ. ವಿರೂಪಾ ಹತ್ತಿರ ಬಂದು, ಅವನನ್ನು ಪ್ಯಾಂಟು ನೋಡುವ ಹಾಗೆಯೇ ಮೇಲಿಂದ ಕೆಳಗೆ ನೋಡಿ, ಮೊಣಕಾಲಿಗೆ ಒಂದು ಕೆಂಪು ಬಾಣ ಅಂಟಿಸಿದಳು.

“ಇದು ಬಗ್ಗವಲ್ದು. ಐತವಾರ ಎಲ್ಲಾರೂ ನಮ್ಮೂರಿಗೆ ಬರ್ರಿ. ಎರಡನೇ ಬೆಳಿಗೆ ಗದ್ದಿ ಹದ ಮಾಡಾಕ್ಹತ್ಯಾರ. ಖರೇ ಹಲಗಿ ಅಲ್ಲೈತಿ.”

ಆ ಸ್ಟಿಕರನ್ನು ಅವನು ಸಂಜೆ ಬಸ್ಸಿನಲ್ಲೂ ತೆಗೆಯಲಿಲ್ಲ.

ಭಾನುವಾರ ಬರುವಷ್ಟರಲ್ಲಿ ಗ್ರೂಪು ಸೋರತೊಡಗಿತ್ತು. ಒಬ್ಬನಿಗೆ ಅಕ್ಕನ ಸೀಮಂತ. ಇನ್ನೊಬ್ಬನಿಗೆ ಬೆನ್ನುನೋವು. ಮತ್ತೊಬ್ಬನ ಹೆಂಡತಿ ಪ್ಲಾನ್ ಕೇಳಿ ನಕ್ಕಳಂತೆ, ಅಷ್ಟಕ್ಕೇ ಅವನು ಕೈಬಿಟ್ಟ. ಉಳಿದವರು ಚನ್ನಬಸವ, ವಿರೂಪಾ, ಮತ್ತು ಪ್ಯಾಕಿಂಗ್ ವಿಭಾಗದ ಸಂಪದಾ. ಅವನು ಸಿರುಗುಪ್ಪದ ಬಸ್ಸು ಹತ್ತುವಾಗ ಸಂಪದಾಳ ಫೋನು ಬಂತು.

“ಸಾರಿ ಮಾಸ್ಟರ್, ನಮ್ಮಪ್ಪ ಒಲ್ಲೆ ಅಂದ್ರು. ಇವತ್ತೂ ಇಲ್ಲ, ಫೆಬ್ರವರಿಗೂ ಇಲ್ಲ. ಗ್ರೂಪಿನ್ಯಾಗ ಆಮ್ಯಾಲೆ ಹಾಕ್ತೀನಿ.”

ಸಂಪದಾ ಇದ್ದರೆ ಅದು ಟ್ರಿಪ್ಪು. ಅವಳಿಲ್ಲದಿದ್ದರೆ ಮದುವೆಯಾಗದ ಒಬ್ಬ ಹುಡುಗ, ಒಬ್ಬಳು ಹುಡುಗಿ. ಯಾವ ಮನೆಯವರೂ ಕಳಿಸುವುದಿಲ್ಲ. ವಿರೂಪಾಳಿಗೆ ತಿಳಿದ ಕ್ಷಣ ಸಮುದ್ರದ ಮಾತು ಮುಗಿದಂತೆಯೇ. ಇವತ್ತೊಂದು ದಿನ ಹೇಳುವುದು ಬೇಡ ಎಂದುಕೊಂಡು ಚನ್ನಬಸವ ಕಿಟಕಿ ಪಕ್ಕ ಕೂತ.

ವಿರೂಪಾಳ ಊರು ಕೆಂಚನಗುಡ್ಡ. ಅಲ್ಲಿನ ಗದ್ದೆಯಲ್ಲಿ ಅವಳ ಅಣ್ಣ ಮಾರೆಣ್ಣ ಟ್ರ್ಯಾಕ್ಟರ್ ಮೇಲಿದ್ದ. ಹಿಂದೆ ಹಗ್ಗಕ್ಕೆ ಕಟ್ಟಿದ ಉದ್ದನೆಯ ಮರದ ಹಲಗೆ. ಅದರ ಮೇಲೆ ಯಾರಾದರೂ ಭಾರಕ್ಕೆ ನಿಲ್ಲಬೇಕು. ಎಳೆದುಕೊಂಡು ಹೋದಂತೆ ಕೆಸರು ಸಮವಾಗುತ್ತದೆ. ಬದುವಿನ ಮೇಲೆ ಅಜ್ಜಿ ಊರಮ್ಮ ಕೂತಿದ್ದಳು.

ಚನ್ನಬಸವ ಹತ್ತಿದ. ಟ್ರ್ಯಾಕ್ಟರ್ ಹೊರಟಿತು. ಅವನು ಹೊರಡಲಿಲ್ಲ, ಅಂಗಾತ ಕೆಸರಿಗೆ ಬಿದ್ದ.

“ಎಲ್ಲಿ ಹಚ್ಚಲಿ ಸ್ಟಿಕರ್?” ಎಂದಳು ವಿರೂಪಾ. “ಮೈತುಂಬ ಐತಿ ಡಿಫೆಕ್ಟ್.”

ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಹಲಗೆ ಏರಿದಳು. ಮೊಣಕಾಲು ಸ್ವಲ್ಪ ಬಾಗಿತು, ತೋಳುಗಳು ಸಡಿಲವಾದವು. ಹಲಗೆಯ ಮುಂದೆ ಕೆಸರುನೀರು ಮಡಿಕೆಮಡಿಕೆಯಾಗಿ ಎದ್ದು, ಅವಳ ಹಿಂದೆ ನುಣ್ಣಗೆ ಮಲಗುತ್ತಿತ್ತು. ಬಿಸಿಲು ಆ ನೀರಿನಿಂದ ಎದ್ದು ಅವಳ ಗಲ್ಲದ ಮೇಲೆ ಅಲುಗುತ್ತಿತ್ತು. ಸಮುದ್ರ ಹೇಗಿರುತ್ತದೋ ಅವನಿಗೆ ಗೊತ್ತಿರಲಿಲ್ಲ. ಅದರ ಮೇಲೆ ಅವಳು ಹೇಗಿರುತ್ತಾಳೆ ಎಂಬುದು ಗೊತ್ತಾಯಿತು.

ಆ ತುದಿಯ ಬದುವಿಗೆ ಇಳಿದು ಅವಳು ಕೂಗಿದಳು. “ಕಾಲು ನೋಡಬ್ಯಾಡ್ರಿ ಮಾಸ್ಟರ್. ಎಲ್ಲಿಗೆ ಬರಬೇಕೋ ಅಲ್ಲಿ ನೋಡ್ರಿ.”

ಮಾರೆಣ್ಣ ತಿರುಗಿಸಿ ತಂದ ಹಲಗೆಯನ್ನು ಅವನು ಮತ್ತೆ ಹತ್ತಿದ. ಎಲ್ಲಿಗೆ ಬರಬೇಕಿತ್ತೋ ಅಲ್ಲಿ ಅವಳು ನಿಂತಿದ್ದಳು. ಅವಳನ್ನೇ ನೋಡಿದ. ಕೆಸರು ಕಾಲಿಗೆ ಸಿಡಿಯಿತು, ಹಲಗೆ ಓಲಾಡಿತು, ಎದೆ ಇಂಜಿನ್ನಿಗಿಂತ ಜೋರಾಗಿ ಬಡಿಯಿತು. ಬೀಳಲಿಲ್ಲ. ಗದ್ದೆಯ ಉದ್ದಕ್ಕೂ ನಿಂತೇ ಹೋದ.

ಅವನು ಬದು ಮುಟ್ಟಿದಾಗ ಊರಮ್ಮ ನಿಧಾನವಾಗಿ ನಡೆದು ಬಂದಳು. “ಚಲೋ ನಿಂತಿ ತಮ್ಮಾ. ಸಮುದ್ರಕ್ಕ ಎಷ್ಟು ಮಂದಿ ಹೊಂಟೀರಿ?”

ಮಾರೆಣ್ಣ ಅದೇ ಹೊತ್ತಿಗೆ ಇಂಜಿನ್ ನಿಲ್ಲಿಸಿದ. ಮೂರು ಎಂದರೆ ಇನ್ನೊಂದು ವಾರ ಪ್ಲಾನ್ ಉಳಿಯುತ್ತಿತ್ತು. ಆದರೆ ಅಜ್ಜಿಯ ಕಣ್ಣು ಅವನ ಮೇಲಿತ್ತು.

“ಇಬ್ರು, ಅವ್ವಾ. ಸಂಪದಾನೂ ಬರಂಗಿಲ್ಲ ಅಂದ್ಲು.” ವಿರೂಪಾಳ ಕಡೆ ತಿರುಗಿದ. “ಮುಂಜಾನೆ ಗೊತ್ತಾತು. ಹೇಳಲಿಲ್ಲ, ತಪ್ಪಾತು.”

“ನನಗ ನಿನ್ನಿ ರಾತ್ರೀನ ಗೊತ್ತಾತು,” ಎಂದಳು ಅವಳು, ಕಾಲಿನ ಕೆಸರು ನೋಡುತ್ತ.

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಇವತ್ತು ಬರ್ತಿದ್ದಿಲ್ಲ.”

“ಇಬ್ರ ಆದ್ರ ಹೋಗಾಕಾಗಂಗಿಲ್ಲ ಬಿಡು,” ಎಂದಳು ಊರಮ್ಮ.

“ಫೆಬ್ರವರಿ ಬ್ಯಾಡ ಹಂಗಾದ್ರ,” ಎಂದ ಚನ್ನಬಸವ. ಕಾಲು ನೋಡದೆ ವಿರೂಪಾಳನ್ನೇ ನೋಡಿದ. “ಮಳಿ ಹಿಡಿಯೂ ತನಕ, ಮೇ ತಿಂಗಳಿನ ತನಕ ಸರ್ಫಿಂಗ್ ಇರ್ತೈತಿ. ಅದ್ರೊಳಗ ನಮ್ಮವ್ವ ಅಪ್ಪನ್ನ ನಿಮ್ಮನಿಗೆ ಕರಕೊಂಡು ಬರ್ತೀನಿ. ನಿಮಗ ಒಪ್ಪಿಗಿ ಇದ್ರ, ವಿರೂಪಾ.”

“ಸಮುದ್ರಕ್ಕ ಹೋಗಾಕ ಯಾರಾರ ಲಗ್ನ ಆಗ್ತಾರೇನ್ರಿ?”

“ಅಲ್ಲ. ಲಗ್ನದ ಮಾತು ಬಾಯಿಗೆ ಬರಲಿಲ್ಲ, ಅದಕ್ಕ ಸಮುದ್ರದ ಮಾತು ತಗದೆ.”

“ಮತ್ತ ಆರು ಮಂದೀನ ಯಾಕ ಕೂಡಿಸಿದ್ರಿ?”

“ಒಬ್ಬಾಕೀನ ಕರಿಯಾಕ ಧೈರ್ಯ ಇದ್ದಿಲ್ಲ.”

ಅವಳು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. “ಲಗ್ನಾತು ಅಂತ ಟ್ರಿಪ್ ಕ್ಯಾನ್ಸಲ್ ಮಾಡಂಗಿಲ್ಲ. ನನಗ ಸಮುದ್ರನೂ ಬೇಕು.”

ಬದುವಿನ ಮೇಲಿದ್ದ ಫೋನು ತೆಗೆದು, ಕೆಸರು ಬೆರಳಿನಿಂದ ಏನೋ ಒತ್ತಿದಳು. ಅವನ ಫೋನು ಸದ್ದು ಮಾಡಿತು. ಗ್ರೂಪಿನ ಹೆಸರು ಬದಲಾಗಿತ್ತು: ‘ಅಲಿ ಮ್ಯಾಲೆ ಇಬ್ರು’. ಬೆನ್ನುನೋವಿನವನು, ಸೀಮಂತದವನು, ಸಂಪದಾ, ಎಲ್ಲರೂ ಇನ್ನೂ ಗ್ರೂಪಿನಲ್ಲೇ ಇದ್ದರು. ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ಇಬ್ಬರೂ ನೋಡಲಿಲ್ಲ.

“ಅಪ್ಪಗ ನಾ ಹೇಳ್ತೀನಿ,” ಎಂದ ಮಾರೆಣ್ಣ ಕೀಲಿ ತಿರುಗಿಸುತ್ತ. “ಮೊದ್ಲು ಗದ್ದಿ ಮುಗೀಲಿ. ಯಾರು ನಿಲ್ತೀರಿ?”

ವಿರೂಪಾ ಹಲಗೆ ಏರಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವನು ಹತ್ತುವಾಗ ಕೈ ಕೊಟ್ಟಳು, ಹತ್ತಿದ ಮೇಲೂ ಬಿಡಲಿಲ್ಲ. ಟ್ರ್ಯಾಕ್ಟರ್ ಹೊರಟಿತು, ಮುಂದೆ ನೀರು ಮಡಿಕೆಯಾಗಿ ಎದ್ದಿತು.

“ಹೂಂ,” ಎಂದಳು ಹಿಂದಿನಿಂದ ಊರಮ್ಮ. “ಇಬ್ರು ನಿಂತ್ರನ ಗದ್ದಿ ಚಲೋ ಸಮ ಆಗ್ತೈತಿ.”