ಪುಷ್ಕರಿಣಿಯ ಹಸಿಗಲ್ಲು

ಮುಂಜಾವಿನ ಬಿಸಿಲಿಗೆ ಶಂಖಪುರದ ಮಹಾಸ್ತೂಪವು ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳಗುತ್ತಿತ್ತು. ಸುತ್ತಲೂ ಹಸಿರುಗಡಲು, ತೆಂಗಿನ ಸಾಲು, ಕವಡೆ ಹೇರಿಕೊಂಡು ನಿಂತ ದೂರದೇಶದ ನಾವೆಗಳು. ಅರಮನೆಯ ಸೋಪಾನಗಳ ಮೇಲೆ ಮಾತ್ರ ರಕ್ತ ಹರಿಯುತ್ತಿತ್ತು. ದ್ವೀಪಾಧಿಪತಿ ಸಿರಿಭವನ ಮಹಾರಾಜನನ್ನು ಅವನ ದಂಡನಾಯಕ ವೀರಗಡಣನೇ ಪೂಜಾಪೀಠದ ಮುಂದೆ ಇರಿದು ಕೆಡವಿದ್ದನು.

ವೀರಗಡಣನ ಪಟ್ಟಕ್ಕೆ ಅಡ್ಡವಾಗಿ ಉಳಿದದ್ದು ಒಂದೇ ಜೀವ: ಎರಡು ವರ್ಷದ ರಾಜಕುಮಾರ. ಕೂಸನ್ನು ರಾಣಿ ದಮಹಾರಾದೇವಿಯೊಡನೆ ಸ್ತೂಪದ ಗರ್ಭದಲ್ಲಿರಿಸಿ ದ್ವಾರಕ್ಕೆ ಕಲ್ಲು ಮುಚ್ಚಿದವನು ಶಿಲ್ಪಿ ಮಿಂಜಯ. ಮಧ್ಯಾಹ್ನ ಕಡಲು ಉಬ್ಬುವ ಹೊತ್ತಿಗೆ ಅವನ ತಮ್ಮ ದೋಣಿ ತರುವವರೆಗೆ ಆ ಗುಟ್ಟು ಉಳಿಯಬೇಕಿತ್ತು.

ಆ ನಾಡಿನಲ್ಲಿ ಕಲ್ಲೆಂದರೆ ಹವಳಗಲ್ಲು. ಕಡಲಿನಿಂದ ಕೊಯ್ದ ಹೊಸತರಲ್ಲಿ ಅದು ಚೂರಿಗೆ ಬೆಣ್ಣೆ. ತಿಂಗಳುಗಟ್ಟಲೆ ಬಿಸಿಲುಂಡ ಮೇಲೆ ಉಳಿಗೂ ಬಗ್ಗದು. ಇದನ್ನು ವೀರಗಡಣನೂ ಬಲ್ಲನು.

“ಒಂದೊಂದು ಕಲ್ಲಿಗೂ ಚೂರಿ ಹಾಕಿರಿ,” ಎಂದು ಭಟರಿಗೆ ಆಜ್ಞಾಪಿಸಿದನು. “ಹಸಿಯಾಗಿದ್ದುದೇ ಇಂದು ಕೂರಿಸಿದ ಕಲ್ಲು.” ಬಳಿಕ ಸ್ತೂಪದ ಬಳಿ ಕೈಗೆ ಹಸಿ ಗಾರೆ ಮೆತ್ತಿಕೊಂಡೇ ಸೆರೆಸಿಕ್ಕಿದ್ದ ಮಿಂಜಯನೆಡೆಗೆ ತಿರುಗಿ ನಕ್ಕನು. “ಏನಯ್ಯ ಶಿಲ್ಪಿ, ದೇವರನ್ನು ಕೆತ್ತುವ ಕೈಗೆ ಕಳ್ಳತನವೂ ಬರುತ್ತದೆಯೋ?”

“ಒಡೆಯನ ಅನ್ನ ಉಂಡ ಕೈ, ಸ್ವಾಮಿ. ತಮ್ಮದೂ ಅದೇ ಅನ್ನ ಉಂಡಿತ್ತು.”

ಖಡ್ಗ ಮಿಂಚಿತು. ಮಿಂಜಯನ ಬಲಗೈ ಮರಳಿನ ಮೇಲೆ ಬಿದ್ದಿತು.

ಸ್ತೂಪದಲ್ಲಿ ಚೂರಿಗಳು ಮುರಿದವಲ್ಲದೆ ಎಲ್ಲಿಯೂ ನಾಟಲಿಲ್ಲ. ಶಿಲ್ಪಿಯು ಆ ದ್ವಾರಕ್ಕೆ ತಾತನ ಕಾಲದ ತನ್ನ ಮನೆಯ ಹೊಸ್ತಿಲಗಲ್ಲನ್ನೇ ಕಿತ್ತು ತಂದಿದ್ದನು. ಹಸಿಗಲ್ಲು ಸಿಕ್ಕಿದ್ದು, ಪಕ್ಕದಲ್ಲಿ ದುರಸ್ತಿಗೆಂದು ಬರಿದುಮಾಡಿದ್ದ ಪುಷ್ಕರಿಣಿಯ ತಳದ ಗೋಡೆಯಲ್ಲಿ.

“ಬೇಡ! ಅದನ್ನು ಮುಟ್ಟಬೇಡಿ!” ಎಂದು ಮಿಂಜಯನು ಚೀರಿದನು.

ಆ ಚೀತ್ಕಾರವೇ ಗಡಣನಿಗೆ ಸಾಕ್ಷಿಯಾಯಿತು. ರಾಜವಂಶದ ಕುಡಿಯನ್ನು ಪಟ್ಟವೇರುವವನು ಸ್ವಹಸ್ತದಿಂದಲೇ ಕಡಿಯಬೇಕೆಂಬುದು ಅಲ್ಲಿನ ಕ್ರೂರ ಸಂಪ್ರದಾಯ. “ಬಾ, ನೋಡುವೆಯಂತೆ!” ಎನ್ನುತ್ತ ಶಿಲ್ಪಿಯ ಜುಟ್ಟು ಹಿಡಿದು ಎಳೆದುಕೊಂಡೇ ಅವನು ತಳಕ್ಕಿಳಿದನು. ಭಟರೆಲ್ಲರೂ ಹಿಂದೆಯೇ ಇಳಿದರು. ಗೋಡೆಯ ಆಚೆಗೆ ಕಡಲಿತ್ತು. ಇಡೀ ಗೋಡೆಯ ಭಾರವನ್ನು ಮಿಂಜಯನು ಆ ಒಂದು ಕಲ್ಲಿನ ಮೇಲೆಯೇ ನಿಲ್ಲಿಸಿದ್ದನು. ಭಟರು ಅದನ್ನು ಸೀಳಿ ಎಳೆದರು.

ಗೋಡೆಯೂ ಕಡಲೂ ಒಟ್ಟಿಗೆ ಬಿದ್ದವು. ಎಲುಬು ಮುರಿದ ಸದ್ದು, ಅರ್ಧದಲ್ಲೇ ನಿಂತ ಆರ್ತನಾದ, ಅನಂತರ ಕೆಂಪುನೀರು.

ದೋಣಿ ತಂದ ತಮ್ಮನು ಸ್ತೂಪದ ದ್ವಾರ ತೆರೆದಾಗ ದೇವಿಯು ಕೇಳಿದಳು, “ನಿಮ್ಮಣ್ಣ ಎಲ್ಲಿ?”

ಅವನು ಪುಷ್ಕರಿಣಿಯತ್ತ ಕೈತೋರಿದನು.

ದಮಹಾರಾದೇವಿಯು ಕೂಸನ್ನು ಕೆಂಪುನೀರಿನ ಅಂಚಿನಲ್ಲಿ ಇಳಿಸಿ ನಿಲ್ಲಿಸಿದಳು. ಮರ್ತ್ಯರಾರಿಗೂ ಬಾಗದ ಆ ವಂಶದ ತಲೆಯನ್ನು ತನ್ನ ಕೈಯಿಂದಲೇ ಮೆಲ್ಲನೆ ಬಾಗಿಸಿದಳು.