ಅಕ್ಕಿ ಹಡಗಿನ ಕಂಚು

“ಸಾಹೇಬ್ರ, ಆ ಗಂಟಿಗೆ ಕೈ ಹಚ್ಚಬ್ಯಾಡ್ರಿ,” ಎಂದ ಮಹಿಬೂಬ. ಮೂವತ್ತು ವರ್ಷ ಭಟ್ಟಿಯ ಮುಂದೆ ಬೆಂದ ಮನುಷ್ಯ. ರಾಶಿಯಿಂದ ನಾಲ್ಕು ಹೆಜ್ಜೆ ದೂರವೇ ನಿಂತಿದ್ದ.

ಕಾಶೀನಾಥನಿಗೆ ನಗು ಬಂತು. ಛತ್ರಪತಿ ಸಂಭಾಜಿನಗರದ ಆ ಎರಕದ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಬಂದು ಅವನಿಗಿನ್ನೂ ತಿಂಗಳು ತುಂಬಿರಲಿಲ್ಲ. ಗುಜರಿ ಲಾರಿ ಸುರಿದುಹೋದ ರಾಶಿಯ ನಡುವೆ ಮೊಣಕಾಲೆತ್ತರದ ಹಡಗಿನ ಗಂಟೆ ಕುಳಿತಿತ್ತು. ಹಸಿರು ಕಿಲುಬು, ಕೊಳೆತ ಮೀನಿನ ನಾತ. ಅದರ ನಾಲಿಗೆಗೆ ಹೆಂಗಸಿನ ಉದ್ದ ಕೂದಲು ಬಿಗಿಯಾಗಿ ಸುತ್ತಿಕೊಂಡಿತ್ತು. ಎಂಬತ್ತು ವರ್ಷ ಕಡಲ ತಳದಲ್ಲಿದ್ದರೂ ಆ ಕೂದಲು ಕೊಳೆತಿರಲಿಲ್ಲ.

ಲಾರಿಯವನು ಹೇಳಿದ್ದನ್ನೆಲ್ಲ ಮಹಿಬೂಬ ಒಪ್ಪಿಸಿದ. ಮಹಾಯುದ್ಧದ ಕಾಲ. ದಂಡಿಗೆ ಅಕ್ಕಿ ಸಾಗಿಸುತ್ತಿದ್ದ ಹಡಗು ಎಲ್ಲೋ ದೂರದ ದ್ವೀಪಗಳ ಹತ್ತಿರ ಲಂಗರು ಹಾಕಿತ್ತು. ದ್ವೀಪದವರು ಹಸಿವಿನಿಂದ ಸಾಯುತ್ತಿದ್ದರು, ಕೈಮುಗಿದು ಬೇಡಿದರು. ಕಪ್ತಾನ ಒಂದು ಹಿಡಿ ಅಕ್ಕಿಯನ್ನೂ ಕೊಡಲಿಲ್ಲ. ಸತ್ತ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಡಗು ಹತ್ತಿದ ಒಬ್ಬಳು, ತನ್ನ ಕೂದಲು ಕಿತ್ತು ಗಂಟೆಗೆ ಸುತ್ತಿ ಮಾಟ ಮಾಡಿದಳು. ಅಂದೇ ಬಿರುಗಾಳಿ ಎದ್ದಿತು. ಅಕ್ಕಿಯ ಸಮೇತ ಹಡಗು ಮುಳುಗಿತು.

“ಗಂಟಿ ಮ್ಯಾಲೆತ್ತಿದವರು ಇಬ್ಬರೂ ಮುಳುಗಿ ಸತ್ತರ್ರಿ. ನೀರಾಗಲ್ಲ, ಮನ್ಯಾಗ, ಹಾಸಿಗಿ ಮ್ಯಾಲ. ಅದು ಒಂದು ಕೊರಳು ಹಿಡದ್ರ ಇನ್ನೊಂದು ಕೊರಳು ಸಿಗೂತನಕ ಬಿಡಂಗಿಲ್ಲಂತ.”

“ಇಲ್ಲಿಂದ ಸಮುದ್ರ ಮುನ್ನೂರು ಕಿಲೋಮೀಟರ್ ಅದ ಚಾಚಾ. ಹೆಂಗ ಬರ್ತದ? ಎಸ್ಟಿ ಬಸ್ಸಿನಾಗೇನು?”

ಭಟ್ಟಿಯ ಹುಡುಗರು ಹಿಂದೆ ಸರಿದರು. ಕಾಶೀನಾಥ ತಾನೇ ಗಂಟೆ ಒಡೆದು, ಚೂರುಗಳನ್ನು ಕರಗಿಸುವ ಮೂಸೆಗೆ ಹಾಕಿದ. ಕೂದಲು ಸುಡುವಾಗ ಚುರುಗುಡಲಿಲ್ಲ, ಎಲ್ಲೋ ಕೂಸು ಬಿಕ್ಕಿದ ಸದ್ದು ಬಂತು.

ಹೊಸಬ ತನ್ನ ಮೊದಲ ಎರಕದಿಂದ ಮನೆಗೊಂದು ವಸ್ತು ಮಾಡಿಕೊಂಡು ಹೋಗುವುದು ಆ ಭಟ್ಟಿಯ ರೂಢಿ. ಕಾಶೀನಾಥನಿಗೆ ಬೇಕಾದದ್ದು ಒಂದೇ. ನಾಸಿಕ್ ರೋಡಿನ ಮನೆಯಲ್ಲಿ ಸೋಮವಾರ ಅವನ ಐದು ತಿಂಗಳ ಮಗಳು ಪ್ರಾಚಿಗೆ ಲಿಂಗ ಕಟ್ಟುವುದಿತ್ತು. ಎಂಟು ವರ್ಷ ಕಾದು ಪಡೆದ ಮಗಳು. ಆ ಲಿಂಗ ಇಡಲು ಅಡಿಕೆಯಷ್ಟು ದೊಡ್ಡ ಕರಡಿಗೆಯನ್ನು ಆ ಕಂಚಿನಿಂದಲೇ ಎರಕ ಹೊಯ್ದ. ಬಂಗಾರದಂತೆ ಹೊಳೆಯಿತು. ಜಂಬದಿಂದ ಜೇಬಿಗಿಳಿಸಿದ.

ಸೋಮವಾರ ಬೆಳಿಗ್ಗೆ ಮಠದ ಅಯ್ಯನವರು ಮಂತ್ರ ಹೇಳಿ, ಕರಡಿಗೆಯನ್ನು ಮಗುವಿನ ಕೊರಳಿಗೆ ಕಟ್ಟಿ, ಪ್ರಸಾದ ಮುಗಿಸಿ ಹೊರಟರು. ಹಿಂದೆಯೇ ಪ್ರಾಚಿ ಕೆಮ್ಮಿದಳು.

“ಹಾಲು ನೆತ್ತಿಗೆ ಹತ್ತೇದ,” ಎಂದು ಕಾಶೀನಾಥನ ತಾಯಿ ಈರಮ್ಮ ಮೊಮ್ಮಗಳ ತಲೆ ತಟ್ಟಿದಳು.

ಹಾಲಲ್ಲ, ನೀರು. ಮಗುವಿನ ಬಾಯಿಂದ, ಮೂಗಿನಿಂದ ಇಳಿಯುತ್ತಿತ್ತು. ವಿಭೂತಿ, ಊದಿನಕಡ್ಡಿಯ ವಾಸನೆಯನ್ನು ಕೊಳೆತ ಮೀನಿನ ನಾತ ನುಂಗಿತು. ಕಾಶೀನಾಥ ಬೆರಳದ್ದಿ ನಾಲಿಗೆಗೆ ಹಚ್ಚಿದ. ಉಪ್ಪು. 

ಕರಡಿಗೆಗೆ ಕೈ ಹಾಕಿದ. ಈರಮ್ಮ ಅವನ ಮಣಿಕಟ್ಟು ಹಿಡಿದಳು.

“ಕಟ್ಟಿದ ಲಿಂಗ ತಗೀಬ್ಯಾಡೋ. ಲಿಂಗ ತಗದ್ರ ಪ್ರಾಣ ತಗದಂಗ.”

“ಕೈ ಬಿಡಬೇ ಯವ್ವಾ.”

ಕಿತ್ತುಕೊಂಡ. ಲಿಂಗವನ್ನು ತಾಯಿಯ ಅಂಗೈಗಿಟ್ಟ. ಬರಿ ಕರಡಿಗೆಯನ್ನು ಕಿಟಕಿಯಾಚೆ ಬೀದಿಗೆ ಎಸೆದ. ನೀರು ನಿಲ್ಲಲಿಲ್ಲ. ಮಗುವಿನ ತುಟಿ ಕಪ್ಪಿಟ್ಟಿತು. ಉಗುರು ನೀಲಿಯಾಯಿತು. ಇನ್ನೊಂದು ಕೊರಳು ಸಿಗುವ ತನಕ ಎಂದಿದ್ದ ಮಹಿಬೂಬ.

ಕಾಶೀನಾಥ ಬೀದಿಗೆ ಓಡಿದ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಕರಡಿಗೆ ಒದ್ದೆಯಾಗಿ ಬಿದ್ದಿತ್ತು. ಎತ್ತಿಕೊಂಡ. ಹಿಂದೆಯೇ ಬಂದ ಹೆಂಡತಿ ಅಶ್ವಿನಿಯ ಕಣ್ಣೂ ಅದರ ಮೇಲಿತ್ತು. ಗಂಟೆಯ ಕಥೆಯನ್ನೆಲ್ಲ ಅವಳು ಹಿಂದಿನ ದಿನವೇ ಗಂಡನ ಬಾಯಿಂದ ತಮಾಷೆಯಾಗಿ ಕೇಳಿದ್ದಳು.

“ನನಗ ಕೊಡ್ರಿ,” ಎಂದಳು ಅಶ್ವಿನಿ. ಕೈ ಚಾಚಿದಳು. “ನಾ ಹಡದಾಕಿ.”

ಅವನು ಕೊಡಲಿಲ್ಲ. ಕರಡಿಗೆಯ ದಾರವನ್ನು ತನ್ನ ಕೊರಳಿಗೆ ಸುತ್ತಿದ. ಗಂಟು ಹಾಕಿದ. ಜಾರಿತು. ಮತ್ತೆ ಬಿಗಿದ.

ಒಳಗೆ ಪ್ರಾಚಿ ಕಿಟಾರನೆ ಅತ್ತಳು. ಎದೆ ತುಂಬಿ ಅತ್ತಳು. ಆ ಅಳು ಕೇಳಿ ಅವನಿಗೆ ಹೇಳಲಾರದಷ್ಟು ಸಂತೋಷವಾಯಿತು. ಅಶ್ವಿನಿ ಅವನ ಹೆಗಲು ಹಿಡಿದು ಅಲುಗಿಸುತ್ತಿದ್ದಳು. ಅವಳ ಮಾತು ಕೇಳಲಿಲ್ಲ. ಕಿವಿಯಲ್ಲಿ ಅಲೆಯ ಸದ್ದು. ಮಗಳನ್ನು ಒಮ್ಮೆ ಹೆಸರು ಹಿಡಿದು ಕರೆಯಬೇಕೆನಿಸಿತು. ಬಾಯಿ ತೆರೆದ. ನೀರು ಬಂತು.