ಹಾಂಗ್‌ಕಾಂಗ್‌ಗೆ ಹೊರಟ ಮೂವರು

"ಆ ಸೂಟ್‌ಕೇಸ್ ಮುಟ್ಟಬೇಡಿ!"

ಸ್ಟೂಲಿನ ಮೇಲೆ ನಿಂತು, ಕಪಾಟಿನ ಮೇಲಿದ್ದ ಕೆಂಪು ಸೂಟ್‌ಕೇಸನ್ನು ಎಳೆಯುತ್ತಿದ್ದ ಅಹಲ್ಯಾ ಬೆಚ್ಚಿಬಿದ್ದಳು. ಬಾಗಿಲಲ್ಲಿ ಇಂದುಶೇಖರ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

ಮದುವೆಯಾದ ಈ ಆರು ತಿಂಗಳಲ್ಲಿ ಅವನು ಅವಳ ಮೇಲೆ ದನಿ ಎತ್ತಿದ್ದು ಇದೇ ಮೊದಲು.

"ಸಾಮಾನು ಜಾಸ್ತಿ ಆಯ್ತು... ಇನ್ನೊಂದು ಬೇಕಿತ್ತು, ಅದಕ್ಕೆ..."

"ಹೊಸದು ತಂದುಕೊಡ್ತೀನಿ. ಅದು ಲೀಲಾದು."

ಅಷ್ಟು ಹೇಳಿ ಹೊರಟೇಹೋದ.

ಲೀಲಾ ಅವನ ಮೊದಲ ಹೆಂಡತಿ. ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳು ಸಿಂಧೂರಳಿಗೆ ಈಗ ಎಂಟು. ಅಹಲ್ಯಾ ನೋಯ್ಡಾದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತ ಮೂವತ್ತನಾಲ್ಕರವರೆಗೂ ಒಂಟಿಯಾಗಿದ್ದವಳು. ಕನ್ನಡ ಸಂಘದ ಇಂದಿರಾ ಆಂಟಿ ಮುಂದೆ ನಿಂತು ಮಾಡಿಸಿದ ಮದುವೆ ಅದು. ಇಬ್ಬರೂ ಒಳ್ಳೆಯವರೇ. ಆದರೆ ಒಂದೇ ಮನೆಯಲ್ಲಿ ಇನ್ನೂ ನೆಂಟರ ಹಾಗೆ ಓಡಾಡಿಕೊಂಡಿದ್ದರು.

2007ರ ಜೂನ್. ದೆಹಲಿಯ ರೋಹಿಣಿ ಬಡಾವಣೆಯ ಆ ಫ್ಲ್ಯಾಟು ಕಾದ ಹೆಂಚಿನಂತಿತ್ತು. ಸಂಜೆಗೆ ಟ್ಯಾಕ್ಸಿ ಹೇಳಿಯಾಗಿತ್ತು. ಹಾಂಗ್‌ಕಾಂಗ್‌ನಲ್ಲಿ ಎರಡು ದಿನ ಥೀಮ್ ಪಾರ್ಕ್, ಆಮೇಲೆ ಹಡಗಿನ ಪ್ರವಾಸ. ಸಿಂಧೂರಳ ರಜೆಗೆಂದು ಅವನೇ ಬುಕ್ ಮಾಡಿದ್ದ.

ಬುಕ್ ಮಾಡಿದಾಗಿನಿಂದ ಅವನು ಕೂತಲ್ಲಿ ಕೂರುತ್ತಿರಲಿಲ್ಲ. ಮೂರು ಪಾಸ್‌ಪೋರ್ಟ್‌ಗಳನ್ನು ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಕಟ್ಟಿದ ಪೆಟ್ಟಿಗೆ ಬಿಚ್ಚಿ ಮಾತ್ರೆಗಳಿವೆಯಾ ಎಂದು ಹುಡುಕುವುದು. ಈಗ ಈ ಕೂಗಾಟ.

'ಲೀಲಾ ಜೊತೆ ಹೋಗಬೇಕಾದ ಜಾಗಕ್ಕೆ ನನ್ನ ಜೊತೆ ಹೋಗೋದು ಇವರಿಗೆ ಕಷ್ಟ ಆಗ್ತಿದೆ...'

ಆ ಯೋಚನೆ ಬಂದಮೇಲೆ ಅಹಲ್ಯಾಳಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಲಕ್ಕಿ ಹುರಿದಳು, ತಳ ಹತ್ತಿತು. ಚಟ್ನಿಪುಡಿಯ ಪೊಟ್ಟಣ ಕಟ್ಟಿದಳು, ಬಿಚ್ಚಿಕೊಂಡಿತು. ಕರೆಂಟ್ ಹೋಯಿತು. ಇಂದುಶೇಖರ ಹೊಸ ಸೂಟ್‌ಕೇಸ್ ತರಲು ಮಾರ್ಕೆಟ್ಟಿಗೆ ಹೋಗಿದ್ದ.

ಪೊಟ್ಟಣಗಳನ್ನು ಇಡಲು ದೊಡ್ಡ ಸೂಟ್‌ಕೇಸ್ ತೆರೆದವಳು ಹಾಗೇ ನಿಂತುಬಿಟ್ಟಳು.

ಒಂದು ಕಡೆ ಪೂರ್ತಿ ಖಾಲಿ!

ಅವನ ಶರ್ಟುಗಳಿದ್ದವು. ಸಿಂಧೂರಳ ಫ್ರಾಕುಗಳಿದ್ದವು. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದಿದ್ದ ಅವಳ ಚೂಡಿದಾರಗಳು ಒಂದೂ ಇರಲಿಲ್ಲ.

'ಬಾಯಲ್ಲಿ ಹೇಳೋಕಾಗದೆ ಹೀಗೆ ಹೇಳಿದ್ರಾ?'

ಅವಳು ಮಂಚದ ಮೇಲೆ ಕುಸಿದು ಕೂತಳು. ಅಳು ಬರಲಿಲ್ಲ. ಎದೆಯೊಳಗೆ ಏನೋ ಕಿತ್ತುಬಂದಂತಾಯಿತು. ಆಗ ಅವಳಿಗೆ ಅರ್ಥವಾಯಿತು... ತಾನು ಈ ಮನುಷ್ಯನನ್ನು ಪ್ರೀತಿಸತೊಡಗಿದ್ದೇನೆ. ಇಲ್ಲದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನೀಲಿ ಸೂಟ್‌ಕೇಸ್ ಹೊತ್ತು, ಬೆವರು ಸುರಿಸುತ್ತ ಇಂದುಶೇಖರ ಒಳಗೆ ಬಂದ.

"ನಾನು ಬರಲ್ಲ," ಎಂದಳು ಅಹಲ್ಯಾ. "ನೀವಿಬ್ಬರೂ ಹೋಗಿಬನ್ನಿ."

"ಏನಾಯ್ತು? ಹುಷಾರಿಲ್ವಾ?" ಅವನು ತಟ್ಟನೆ ಎರಡು ಹೆಜ್ಜೆ ಮುಂದೆ ಬಂದ.

"ಹುಷಾರಾಗೇ ಇದೀನಿ. ನನ್ನ ಬಟ್ಟೆ ತೆಗೆದಿಡೋ ಬದಲು ನೇರವಾಗಿ ಹೇಳಬಹುದಿತ್ತು. ನಾನೇನೂ ಜಗಳ ಮಾಡ್ತಿರಲಿಲ್ಲ."

"ಯಾವ ಬಟ್ಟೆ? ನಾನು ಮುಟ್ಟೇ ಇಲ್ಲ..."

"ಆಂಟಿ, ಮೈನೇ ಲಿಯಾ. ನಾನೇ ತಗೊಂಡೆ."

ಇಬ್ಬರೂ ತಿರುಗಿ ನೋಡಿದರು. ಬಾಗಿಲಲ್ಲಿ ಸಿಂಧೂರ ನಿಂತಿದ್ದಳು. ಬೆನ್ನಿನ ಸ್ಕೂಲ್ ಬ್ಯಾಗು ಉಬ್ಬಿಹೋಗಿತ್ತು. ಜಿಪ್ಪಿನ ಸಂದಿಯಿಂದ ಹಳದಿ ದುಪಟ್ಟಾ ಇಣುಕುತ್ತಿತ್ತು.

"ಯಾಕೆ ಪುಟ್ಟಿ?" ಎಂದಳು ಅಹಲ್ಯಾ.

"ಪಾಪಾ ನೇ ಬೋಲಾ ಥಾ. ಪಾಪಾನೇ ಹೇಳಿದ್ರು. ಹಡಗಿನವರು ದೊಡ್ಡ ಬ್ಯಾಗೆಲ್ಲ ತಗೋತಾರೆ, ಬಹುತ್ ಲೇಟ್ ಕೊಡ್ತಾರೆ. ಕಳೆದುಹೋಗಬಾರದ್ದು ನಮ್ಮ ಹತ್ರಾನೇ ಇಟ್ಕೋಬೇಕು ಅಂತ."

"ಮತ್ತೆ ನಿನ್ನ ಬಟ್ಟೆ?"

"ನಂದು ಹೋದ್ರೆ ಹೊಸದು ತಗೋಬಹುದು." ಹುಡುಗಿ ತಲೆ ತಗ್ಗಿಸಿದಳು. "ನಿಮ್ದು ಹೋದ್ರೆ ನೀವು ವಾಪಸ್ ಹೋಗ್ಬಿಡ್ತೀರಾ..."

ಅಹಲ್ಯಾ ಎದ್ದು ಹೋಗಿ ಬ್ಯಾಗಿನ ಸಮೇತ ಅವಳನ್ನು ತಬ್ಬಿಕೊಂಡಳು. ಆಗ ಬಂತು ಅಳು.

"ಎಲ್ಲೂ ಹೋಗಲ್ಲ ಕಣೇ. ಎಲ್ಲೂ ಹೋಗಲ್ಲ."

ಸಿಂಧೂರ ಕಣ್ಣೊರೆಸಿಕೊಂಡು, ಅವಲಕ್ಕಿ ತಿನ್ನಲು ಅಡುಗೆಮನೆಗೆ ಓಡಿದಳು. ಇಂದುಶೇಖರ ಹೊಸ ಸೂಟ್‌ಕೇಸಿನ ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ.

"ಅಹಲ್ಯಾ... ಬೆಳಿಗ್ಗೆ ನಾನು ಕೂಗಬಾರದಿತ್ತು."

ಅವಳು ಅವನತ್ತ ತಿರುಗಿದಳು.

"ಇಂಥದ್ದೇ ಒಂದು ಟ್ರಿಪ್‌ಗೆ ಲೀಲಾ ಆ ಕೆಂಪು ಸೂಟ್‌ಕೇಸ್ ತುಂಬಿದ್ದಳು. ಹೊರಡೋ ದಿನ ಜ್ವರ ಬಂತು. ಡೆಂಗಿ. ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ." ಅವನು ಉಸಿರು ತೆಗೆದುಕೊಂಡ. "ಇವತ್ತು ನೀನು ಅದನ್ನೇ ಹಿಡ್ಕೊಂಡು ನಿಂತಿದ್ದು ನೋಡಿದೆ. ಅವಳ ಸಾಮಾನು ಮುಟ್ಟಿದೆ ಅಂತ ಕೂಗಿದ್ದಲ್ಲ. ನಿನಗೂ ಏನಾದ್ರೂ ಆದ್ರೆ... ಅನ್ನೋ ಭಯ. ನಿನ್ನ ಕಳ್ಕೊಂಡು ಇರೋಕೆ ನನ್ನಿಂದ ಆಗಲ್ಲ."

ಆರು ತಿಂಗಳಲ್ಲಿ ಅವನು ಒಮ್ಮೆಗೇ ಇಷ್ಟು ಮಾತಾಡಿರಲಿಲ್ಲ.

"ಬೆಳಿಗ್ಗೆಯಿಂದ ನಿನ್ನ ಹಣೆ ಮುಟ್ಟಿ ನೋಡಬೇಕು ಅನ್ನಿಸ್ತಿದೆ," ಎಂದ ಮೆಲ್ಲಗೆ. "ಧೈರ್ಯ ಬರ್ತಿಲ್ಲ."

ಅಹಲ್ಯಾ ಹತ್ತಿರ ಬಂದಳು. ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿಕೆಯಿಂದ ಬಿಡಿಸಿ, ಆ ಕೈಯನ್ನು ತನ್ನ ಹಣೆಯ ಮೇಲೆ ಇಟ್ಟುಕೊಂಡಳು.

"ನೋಡಿ. ತಣ್ಣಗಿದೆ."

ಅವನು ಕೈ ತೆಗೆಯಲಿಲ್ಲ. ಅವಳೂ ತೆಗೆಯಲು ಬಿಡಲಿಲ್ಲ.

ಸಂಜೆ ವಿಮಾನ ನಿಲ್ದಾಣದ ದಾರಿಯಲ್ಲಿ, ಧೌಲಾ ಕುವಾಂ ಹತ್ತಿರ ಟ್ಯಾಕ್ಸಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಸಿಂಧೂರ ಇಬ್ಬರ ತೊಡೆಯ ಮೇಲೂ ಕಾಲು ಚಾಚಿ ನಿದ್ದೆ ಹೋಗಿದ್ದಳು. ಇಂದುಶೇಖರ ಮತ್ತೆ ಗಡಿಯಾರ ನೋಡಿದ, ಕಿಟಕಿಯಾಚೆ ನೋಡಿದ.

"ನನಗೂ ಒಂದು ಭಯ ಇದೆ ರೀ," ಎಂದಳು ಅಹಲ್ಯಾ. "ನಗಬಾರದು. ನೀರು ಅಂದ್ರೆ ಆಗಲ್ಲ. ಈಜೂ ಬರಲ್ಲ."

"ನನಗೂ ಬರಲ್ಲ."

"ಮತ್ತೆ ಹಡಗು ಯಾಕೆ ಬುಕ್ ಮಾಡಿದ್ರಿ?"

"ಸಿಂಧು ಕೇಳಿದಳು." ಅವನು ನಕ್ಕ. "ಭಯ ಆದಾಗ ಇಬ್ಬರೂ ಕೈ ಹಿಡ್ಕೊಂಡು ನಿಂತ್ಕೊಳ್ಳೋಣ."

ಅಹಲ್ಯಾ ಮಗುವಿನ ಕಾಲಿನ ಮೇಲಿಂದ ಕೈ ಚಾಚಿದಳು.

"ಹಡಗು ಹತ್ತೋಕೆ ಇನ್ನೂ ಎರಡು ದಿನ ಇದೆಯಲ್ಲ," ಎಂದ ಅವನು, ಆ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತ.

"ಇರಲಿ ಬಿಡಿ. ಅಲ್ಲಿವರೆಗೆ ರೂಢಿ ಆಗುತ್ತೆ."